ಮನೆ ಹಿಂದಿನ ಧರೆ, ಮುಂದಿನ ಮಳೆಗಾಲ

2024ರ ಮುಂಗಾರು ಕಾರವಾರ–ಅಂಕೋಲಾ ಸೀಮೆಗೆ ಎರಡು ಏಟು ಕೊಟ್ಟಿತು. ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಜರಿದು, ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ನದಿಗೆ ಬಿತ್ತು. 11 ಜೀವ ಹೋದವು. ನದಿಯಲ್ಲೆದ್ದ ಅಲೆಗೆ ಆಚೆ ದಡದ ಉಳುವರೆಯ ಮನೆಗಳೂ ನೆಲಸಮವಾದವು. ಮೂರು ವಾರ ಕಳೆದು, ಆಗಸ್ಟ್ 7ರ ನಡುರಾತ್ರಿ, ಕಾರವಾರಕ್ಕೂ ಸದಾಶಿವಗಡಕ್ಕೂ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಅಂದಿನಿಂದ ಜಿಲ್ಲೆಯ ಕಣ್ಣು ಹೆದ್ದಾರಿಯ ಮೇಲಿದೆ. ಇರಬೇಕಾದದ್ದೇ. ಆದರೆ ಕಾರವಾರ ತಾಲ್ಲೂಕಿನಲ್ಲಿ ಅತಿ ಹೆಚ್ಚು ಜನರನ್ನು ಒಮ್ಮೆಲೇ ನುಂಗಿದ ಕುಸಿತ ನಡೆದದ್ದು ಹೆದ್ದಾರಿಯ ಮೇಲಲ್ಲ. 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ 19 ಮಂದಿ ಮಣ್ಣಿನಡಿ ಸತ್ತರು. ಅದು ಗುಡ್ಡದ ಬುಡದಲ್ಲಿ ಮನೆ ಮಾಡಿಕೊಂಡಿದ್ದವರ ಕೇರಿ.

ನನ್ನ ಆತಂಕ ಅಂಥ ಕೇರಿಗಳದ್ದು. ಸದಾಶಿವಗಡವನ್ನು ಒಳಗೊಂಡ ಚಿತ್ತಾಕುಲ ಪಂಚಾಯತದಲ್ಲಿ, ಅಸ್ನೋಟಿ, ಹಣಕೋಣ, ಮಾಜಾಳಿಗಳಲ್ಲಿ, ಕಾಳಿಯ ದಕ್ಷಿಣಕ್ಕೆ ಕಡವಾಡ, ಕಿನ್ನರದಲ್ಲಿ, ಅಂಕೋಲೆಯ ಅವರ್ಸಾ, ಬೆಳಸೆ, ಅಚವೆಗಳಲ್ಲಿ ಗುಡ್ಡದ ಮೈಗೆ ಮಣ್ಣುರಸ್ತೆ ಹತ್ತುತ್ತದೆ. ರಸ್ತೆಯ ಹಿಂದೆಯೇ ನಾಲ್ಕೈದು ಗುಂಟೆಯ ಮನೆ ಜಾಗಗಳು ಬರುತ್ತವೆ. ಹೆದ್ದಾರಿಯ ಕಡಿತ ದೊಡ್ಡದು, ಎಲ್ಲರಿಗೂ ಕಾಣುತ್ತದೆ, ಅದರ ಮೇಲೆ ಕೋರ್ಟು, ಪತ್ರಿಕೆ, ಭೂವಿಜ್ಞಾನಿಗಳ ಕಣ್ಣಿದೆ. ಹಿತ್ತಲಿನ ಕಡಿತವನ್ನು ನೋಡುವವರು ಆ ಮನೆಯವರು ಮಾತ್ರ. ಇಂಥ ನೂರಾರು ಸಣ್ಣ ಕಡಿತಗಳು ಒಂದು ಜೋರು ಮಳೆಗೆ ಒಟ್ಟಿಗೇ ಸಡಿಲವಾದರೆ ಏನಾಗುತ್ತದೆ ಎಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗು ಕಂಡಿದೆ. ರಸ್ತೆ, ಮನೆ, ಹೋಮ್‌ಸ್ಟೇಗಳಿಗಾಗಿ ಇಳಿಜಾರು ಕಡಿದದ್ದೇ ಅಲ್ಲಿ ಮುಖ್ಯ ಕಾರಣಗಳಲ್ಲೊಂದು ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. ಶಿರೂರಿನ ಬಗ್ಗೆ ಅದೇ ಸಂಸ್ಥೆ ಕೊಟ್ಟ ಪ್ರಾಥಮಿಕ ವರದಿಯಲ್ಲೂ ಸತತ ಮಳೆಯ ಜೊತೆಗೆ ರಸ್ತೆಗಾಗಿ ಕಡಿದ ಇಳಿಜಾರಿನ ಮಾತೇ ಇದೆ.

ಕಾರಣ ತಿಳಿಯಬೇಕಾದರೆ ಹೊಸದಾಗಿ ಕಡಿದ ಒಂದು ಧರೆಯ (ಗುಡ್ಡ ಕಡಿದಾಗ ಉಳಿಯುವ ನೆಟ್ಟನೆಯ ಬದಿಯ) ಎದುರು ನಿಂತು ನೋಡಬೇಕು. ಮೇಲೆ ಮೊಳದುದ್ದ ಬೇರುಗಳ ಕಪ್ಪು ಮಣ್ಣು. ಅದರ ಕೆಳಗೆ ಚಿರೆಕಲ್ಲು: ತೂತು ತೂತಾದ, ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುವ ಕೆಂಪು ಕಲ್ಲು. 1801ರಲ್ಲಿ ಈ ಕರಾವಳಿಯಗುಂಟ ಸಾಗಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಇಂಥದೇ ಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರಿಟ್ಟ. ಅದರ ಕೆಳಗಿದೆ ಶೇಡಿ. ನಮ್ಮ ಹಳೆಯ ಮನೆಗಳ ಕೆಮ್ಮಣ್ಣಿನ ಗೋಡೆಯ ಮೇಲೆ ಹೆಂಗಸರು ಬಿಳಿ ಚಿತ್ತಾರ ಬರೆಯುತ್ತಿದ್ದದ್ದು ಇದರಿಂದಲೇ. ಬಿಳಿಗೆ ತಿರುಗಿದ ಹಳದಿ, ಅಲ್ಲಲ್ಲಿ ನಸುಗೆಂಪಿನ ಪಟ್ಟೆ, ಹಿಟ್ಟಿನಂಥ ನಯ. ಬೇಸಗೆಯಲ್ಲಿ ಇದು ಎಷ್ಟು ಗಟ್ಟಿಯೆಂದರೆ ಗುದ್ದಲಿಯ ಏಟಿನ ಗುರುತು ತಿಂಗಳುಗಟ್ಟಲೆ ಹಾಗೇ ನಿಂತಿರುತ್ತದೆ. ನೆಟ್ಟಗೆ ಕಡಿದರೂ ಗೋಡೆಯಾಗಿ ನಿಲ್ಲುತ್ತದೆ. ಒಂದು ಹಿಡಿಯನ್ನು ನೀರಿನ ಬಟ್ಟಲಿಗೆ ಹಾಕಿ ನೋಡಿ: ಗುಳ್ಳೆ ಬಿಡುತ್ತ ಅಂಚಿನಿಂದ ಉದುರಿ, ಸ್ವಲ್ಪ ಹೊತ್ತಿನಲ್ಲೇ ತಳದಲ್ಲಿ ಕೆಸರಾಗಿ ಕೂರುತ್ತದೆ.

ಇಡೀ ಅಪಾಯದ ಮೂಲ ಇಲ್ಲಿದೆ. ಚಿರೆಕಲ್ಲು ಜರಡಿಯಂತೆ ನೀರನ್ನು ಕೆಳಗೆ ಬಿಡುತ್ತದೆ. ಶೇಡಿ ಅಷ್ಟು ಬೇಗ ಬಿಡುವುದಿಲ್ಲ. ಎರಡರ ಗಡಿಯಲ್ಲಿ ನೀರು ಸೇರುತ್ತದೆ. ಒಣಗಿದ್ದಾಗ ಕಣಗಳನ್ನು ಒಂದಕ್ಕೊಂದು ಬಿಗಿದಿಟ್ಟಿದ್ದ ಹಿಡಿತ ನೆನೆದಾಗ ಹೋಗುತ್ತದೆ, ಒಳಗೆ ಸೇರಿದ ನೀರು ಕಣಗಳನ್ನು ಬೇರೆ ಬೇರೆಯಾಗಿ ತಳ್ಳುತ್ತದೆ, ಮೇಲಿನ ಕಲ್ಲಿನ ಭಾರವೂ ಹೆಚ್ಚಿರುತ್ತದೆ. ಬುಡ ಕಡಿಯದ ಗುಡ್ಡದಲ್ಲಿ ಕೆಳಗಿನ ಮಣ್ಣು ಇದಕ್ಕೆಲ್ಲ ಆನಿಕೆ ಕೊಡುತ್ತದೆ. ನಾವು ಜೆಸಿಬಿ ತಂದು ತೆಗೆಯುವುದು ಆ ಆನಿಕೆಯನ್ನೇ. ಏಪ್ರಿಲಿನಲ್ಲಿ ಕಡಿದ ಧರೆ ಮೇ ತಿಂಗಳಿಡೀ ನಿಂತಿದೆ ಎಂಬುದು ಯಾವ ಭರವಸೆಯೂ ಅಲ್ಲ. ಮೊದಲ ಮಳೆಗಾಲ ದಾಟಿದ್ದೂ ಪೂರ್ತಿ ಭರವಸೆಯಲ್ಲ. ಬಿರುಕಿಗೆ ನೀರಿಳಿದು, ಶೇಡಿ ಒಂದೊಂದು ಮಳೆಗೆ ಸ್ವಲ್ಪ ಸ್ವಲ್ಪ ಸಡಿಲವಾಗಿ, ನಾಲ್ಕನೆಯದೋ ಐದನೆಯದೋ ಮಳೆಗಾಲದಲ್ಲಿ ಬೀಳಬಹುದು.

ಎತ್ತರದ ಲೆಕ್ಕವನ್ನೂ ನೋಡಿ. 20 ಡಿಗ್ರಿ ಇಳಿಜಾರು ಕಣ್ಣಿಗೆ ಕಡಿದಾಗಿ ಕಾಣುವುದಿಲ್ಲ. ದನ ಮೇಯುವ ಬೇಣದಷ್ಟೇ. ಅಲ್ಲಿ 40 ಅಡಿ ಆಳದ ಮನೆಗೆ ಸಮತಟ್ಟು ಬೇಕೆಂದು ಪೂರ್ತಿ ಕಡಿದರೆ ಹಿಂದೆ ಏಳುವ ಧರೆ ಸುಮಾರು ಹದಿನಾಲ್ಕೂವರೆ ಅಡಿ. ತಾರಸಿಗಿಂತಲೂ ಎತ್ತರ. ಧರೆಗೂ ಅಡುಗೆಮನೆಯ ಗೋಡೆಗೂ ನಡುವೆ ಬಿಡುವುದು ಒಬ್ಬರು ನಡೆದಾಡುವಷ್ಟು ಜಾಗ. ಅರ್ಧ ಕಡಿದು ಅರ್ಧ ತುಂಬಿದರೆ ಧರೆಯ ಎತ್ತರ ಅರ್ಧಕ್ಕಿಳಿಯುತ್ತದೆ, ಆದರೆ ಮನೆಯ ಮುಂಭಾಗ ಕೂರದ ಹೊಸ ಮಣ್ಣಿನ ಮೇಲೆ ನಿಂತಿರುತ್ತದೆ. ಆ ಮಣ್ಣಿನ ಕೆಳಗೆ ಮತ್ತೊಬ್ಬರ ಮನೆ.

ಇನ್ನು ರಸ್ತೆ. ಪಂಚಾಯತದ ಗ್ರಾವೆಲ್ ರಸ್ತೆಯನ್ನು ಜನ ಬೈಯುವುದು ಹೊಂಡ, ಕೆಸರು, ಧೂಳಿಗಾಗಿ. ನಾನು ಹೆದರುವುದು ಅದು ನೀರನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ. ಕಾರವಾರ ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಇಲ್ಲಿ ಅಪರೂಪವಲ್ಲ. ಅಂಥ ದಿನ ಒಂದು ಗುಂಟೆಯ ಮೇಲೆ 10,000 ಲೀಟರ್ ನೀರು ಬೀಳುತ್ತದೆ. ಮೂರೂಮುಕ್ಕಾಲು ಮೀಟರ್ ಅಗಲದ ರಸ್ತೆಯ ಒಂದು ಕಿಲೋಮೀಟರಿನ ಮೇಲೆ ಬೀಳುವುದು 3,75,000 ಲೀಟರ್. ಕಾಡಿನ ನೆಲವಾಗಿದ್ದರೆ ಇದರಲ್ಲಿ ಬಹಳಷ್ಟು ಚದುರಿ ಇಂಗುತ್ತಿತ್ತು. ರೋಲರ್ ಹೊಡೆದ ರಸ್ತೆ ಅದನ್ನು ಒಟ್ಟುಗೂಡಿಸುತ್ತದೆ, ಮೇಲಿನ ಧರೆಯಿಂದ ಒಸರುವ ನೀರನ್ನೂ ಸೇರಿಸಿಕೊಳ್ಳುತ್ತದೆ, ಮೊದಲ ತಿರುವಿನಲ್ಲಿ ಇಡೀ ಹೊರೆಯನ್ನು ಒಂದೇ ಜಾಗದಲ್ಲಿ ಕೆಳಗಿನ ಇಳಿಜಾರಿಗೆ ಸುರಿಯುತ್ತದೆ. ಅಲ್ಲಿ ಯಾರದೋ ಹಿತ್ತಲಿನ ಧರೆಯ ನೆತ್ತಿ ಇರುತ್ತದೆ.

ಇದನ್ನು ತಡೆಯಲು ದೊಡ್ಡ ವಿದ್ಯೆ ಬೇಕಿಲ್ಲ. ಗ್ರಾವೆಲ್ ರಸ್ತೆಯ ನಡು ಉಬ್ಬಿರಬೇಕು: ಮಳೆ ಹೆಚ್ಚಿರುವಲ್ಲಿ ನೂರಕ್ಕೆ ನಾಲ್ಕರ ಇಳುಕಲು, ಅಂದರೆ ಮೂರೂಮುಕ್ಕಾಲು ಮೀಟರ್ ರಸ್ತೆಯ ನಡು ಅಂಚಿಗಿಂತ ಏಳೂವರೆ ಸೆಂಟಿಮೀಟರ್ ಎತ್ತರ. ಗುಡ್ಡದ ಬದಿಗೆ ಗಟಾರ, ಅಲ್ಲಲ್ಲಿ ಮೋರಿ, ಮೋರಿಯ ಬಾಯಿಂದ ಹಳ್ಳದ ತನಕ ಕಲ್ಲು ಹಾಸಿದ ದಾರಿ. ಆ ಕೊನೆಯ ತುಂಡೇ ಕಾಮಗಾರಿಗಳಲ್ಲಿ ಮೊದಲು ಕೈಬಿಡುವ ತುಂಡು. ಉಬ್ಬು ಎರಡು ಮಳೆಗಾಲದಲ್ಲಿ ಸವೆಯುತ್ತದೆ, ಚಕ್ರದ ಜಾಡು ಕಾಲುವೆಯಾಗುತ್ತದೆ, ಗಟಾರ ಹೂತುಹೋಗುತ್ತದೆ. ಮತ್ತೆ ಗ್ರಾವೆಲ್ ತಂದು ಸುರಿಯುತ್ತಾರೆ. ಆ ಗ್ರಾವೆಲ್ ಎಲ್ಲಿಂದ ಬರುತ್ತದೆ? ಹತ್ತಿರದ ಇನ್ನೊಂದು ಗುಡ್ಡ ಕಡಿದು.

ಸವೆದುಹೋದ ಮಣ್ಣಿನ ಲೆಕ್ಕವನ್ನು ಬೇರೆ ಕಡೆ ಅಳೆದಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಲಿಯರ್‌ವಾಟರ್ ನದಿ ಸೀಮೆಯ ಕಾಡುರಸ್ತೆಗಳ ಮೇಲೆ ಲೆಸ್ಲಿ ರೀಡ್ ಮತ್ತು ಥಾಮಸ್ ಡನ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಾರಿಗಳು ಸದಾ ಓಡಾಡುವ ಗ್ರಾವೆಲ್ ರಸ್ತೆಯಿಂದ ಹರಿಯುವ ಹೂಳು ಬಳಕೆ ನಿಂತ ರಸ್ತೆಯ 130 ಪಟ್ಟು. ಅಲ್ಲಿ ಓಡುತ್ತಿದ್ದದ್ದು ಮರ ಸಾಗಿಸುವ ಭಾರೀ ಲಾರಿಗಳು. ನಮ್ಮ ಒಳರಸ್ತೆಗೆ ಅದೇ ಅಂಕಿ ಹೊಂದದು. ಆದರೆ ಇಲ್ಲಿಯೂ ಚಿರೆಕಲ್ಲು, ಜಲ್ಲಿ, ಮರಳು ಹೊತ್ತ ಟಿಪ್ಪರ್‌ಗಳು ಮಳೆಗಾಲದಲ್ಲೂ ಅದೇ ರಸ್ತೆಯಲ್ಲೇ ಓಡುತ್ತವೆ. ಹೂಳು ಇಳಿಯುವುದು ಹಳ್ಳಕ್ಕೆ, ಅಲ್ಲಿಂದ ಕಗ್ಗ ಭತ್ತ ಬೆಳೆಯುವ ಉಪ್ಪುನೀರಿನ ಗದ್ದೆಗೆ, ಅಂದರೆ ಗಜನಿಗೆ. ಹಳ್ಳದ ಪಾತ್ರ ತುಂಬಿದಷ್ಟೂ ಭರತದ ವೇಳೆ ಸುರಿದ ಮಳೆ ಕೆಳಗಿನ ಮನೆಗಳ ಜಗಲಿಗೆ ಬೇಗ ಏರುತ್ತದೆ.

ಇಲ್ಲೊಂದು ಮಾತು ಹೇಳಬೇಕು. ಗ್ರಾಮಸಭೆಯಲ್ಲಿ ಕಾಂಕ್ರೀಟ್ ರಸ್ತೆ ಕೇಳಿದರೆ ಎಲ್ಲರ ಕೈಯೂ ಮೇಲೇಳುತ್ತದೆ, ಗಟಾರ ಕೇಳುವ ದನಿ ಕಡಿಮೆ. ಗಟಾರವಿಲ್ಲದ ಕಾಂಕ್ರೀಟು ಹೂಳನ್ನು ಕಡಿಮೆ ಮಾಡುತ್ತದೆ ನಿಜ, ಆದರೆ ನೀರಿಗೆ ಇನ್ನಷ್ಟು ವೇಗ ಕೊಟ್ಟು ಅದೇ ತಿರುವಿನಲ್ಲಿ ಸುರಿಯುತ್ತದೆ. ಅಂಥ ರಸ್ತೆಗಿಂತ ಒಳ್ಳೆಯ ಗಟಾರವಿರುವ ಗ್ರಾವೆಲ್ ರಸ್ತೆ ಮೇಲು ಎಂದು ನಾನು ಹೇಳುತ್ತೇನೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ನಡೆದ ರಸ್ತೆ ಕೆಲಸಗಳಲ್ಲಿ ಸಾಮಗ್ರಿಗೆ ನೂರಕ್ಕೆ 40 ಮೀರಬಾರದೆಂಬ ಮಿತಿಯಿತ್ತು. ಕೂಲಿಯವರ ಹಿತಕ್ಕೆ ಮಾಡಿದ ಒಳ್ಳೆಯ ನಿಯಮವೇ. ಆದರೆ ಮಣ್ಣು ಕೆಲಸ ಅದರೊಳಗೆ ಸುಲಭವಾಗಿ ಹಿಡಿಸುತ್ತಿತ್ತು, ಮೋರಿಯ ಪೈಪು, ಕಲ್ಲು, ಸಿಮೆಂಟು ಹಿಡಿಸುವುದು ಕಷ್ಟವಾಗಿತ್ತು. ಗುಡ್ಡದ ಊರಿಗೂ ಬಯಲಿನ ಊರಿಗೂ ಒಂದೇ ಅಳತೆ ಆಗಿಬರುವುದಿಲ್ಲ.

ಗುಡ್ಡಕ್ಕೆ ಹತ್ತಿದವರನ್ನು ದೂಷಿಸಿ ಫಲವಿಲ್ಲ. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಇಲ್ಲಿರುವ ಬಯಲು ಕಿರಿದು. ಅದರಲ್ಲಿ ನೌಕಾನೆಲೆ, ಕೊಂಕಣ ರೈಲ್ವೆ, ಚತುಷ್ಪಥ ಹೆದ್ದಾರಿ ಕೂತಿವೆ. ದಡದಲ್ಲಿ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಜೆಡ್) ನಿಯಮ, ಗಜನಿಯಲ್ಲಿ ಉಪ್ಪುನೀರು, ಮೇಲೆ ಅರಣ್ಯ. ಅಂಕೋಲೆಯ ಕೇಣಿ ಬಂದರು, ಅಲಗೇರಿ ವಿಮಾನ ನಿಲ್ದಾಣದ ಮಾತು ಬಂದಮೇಲೆ ಜಾಗದ ಆಸೆ ಏರಿದೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಊರಲ್ಲೇ ಉಳಿದ ಕುಟುಂಬದ ಎರಡನೆಯ ಮಗ ಮನೆ ಕಟ್ಟುವುದಾದರೂ ಎಲ್ಲಿ? ಅಜ್ಜ ಗೇರು ನೆಟ್ಟಿದ್ದ ಇಳಿಜಾರಿನಲ್ಲೇ.

ಹಾಗಾಗಿ ಪ್ರಶ್ನೆ ಹೇಗೆ ಕಟ್ಟಬೇಕು ಎಂಬುದು. ಇಲ್ಲಿ ಪಂಚಾಯತದ್ದು ಬರಿಗೈಯಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯತದ ಲಿಖಿತ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಆದರೆ ಕೃಷಿಯೇತರ ಬಳಕೆಯ (ಎನ್‌ಎ) ಆದೇಶ, ಇ-ಸ್ವತ್ತಿನ ನಮೂನೆ, ತೆರಿಗೆ ರಸೀದಿ, ಮನೆಯ ನಕ್ಷೆ ಎಂದು ಕೂಡಿಸುವ ಕಾಗದಗಳೆಲ್ಲ ಸಾಮಾನ್ಯವಾಗಿ ಜಾಗ ಯಾರದು, ಎಷ್ಟು ಎಂಬುದನ್ನು ಹೇಳುತ್ತವೆ. ಜಾಗ ಎಷ್ಟು ವಾಲಿದೆ, ಧರೆ ಎಷ್ಟೆತ್ತರ ಕಡಿಯುತ್ತಾರೆ, ನೀರು ಎತ್ತ ಹೋಗುತ್ತದೆ ಎಂಬುದು ಯಾವ ಕಾಗದದಲ್ಲೂ ಬರುವುದಿಲ್ಲ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತಾ ನಕ್ಷೆ ಇದೆಯಲ್ಲ ಎನ್ನಬಹುದು. ಅದು 1:50,000ರ ನಕ್ಷೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಹತ್ತು ಮೀಟರ್ ಉದ್ದದ ಹಿತ್ತಲ ಧರೆ ಅಲ್ಲಿ ಕಾಣುವುದೇ ಇಲ್ಲ. ಯಾವ ಗುಡ್ಡಸಾಲನ್ನು ಮೊದಲು ನೋಡಬೇಕು ಎಂಬುದಕ್ಕೆ ಆ ನಕ್ಷೆ ಸಾಕು. ಯಾವ ಮನೆ ಎಂಬುದಕ್ಕೆ ಊರವರೇ ಟೇಪು ಹಿಡಿಯಬೇಕು.

ಹಾಂಗ್‌ಕಾಂಗ್ ಈ ಕೆಲಸ ಮಾಡಿತು. 1972ರ ಜೂನ್ 18ರಂದು ಅಲ್ಲಿ ಎರಡು ಕಡೆ ಧರೆ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು, 1976ರಲ್ಲಿ ಮತ್ತೆ ಕುಸಿಯಿತು. 1977ರಲ್ಲಿ ಅದಕ್ಕೆಂದೇ ಕಚೇರಿ ತೆರೆದು, ಮನುಷ್ಯ ಕಡಿದ ಅಥವಾ ತುಂಬಿದ ಇಳಿಜಾರುಗಳನ್ನು ಒಂದೊಂದಾಗಿ ದಾಖಲಿಸಿ, ನಂಬರು ಕೊಟ್ಟು, ನಿರ್ವಹಣೆ ಯಾರ ಹೊಣೆ ಎಂದು ಬರೆದಿಟ್ಟರು. ಇಂದು ಆ ಪಟ್ಟಿಯಲ್ಲಿ ಸುಮಾರು 60,000 ಇಳಿಜಾರುಗಳಿವೆ. ಸಾವಿನ ಸಂಖ್ಯೆ ತೀರ ಇಳಿದಿದೆ. ಅವರ ಹಣ ನಮ್ಮಲ್ಲಿಲ್ಲ. ಆದರೆ ಪಟ್ಟಿ ಮಾಡಲು ಬೇಕಾದದ್ದು ವಾರ್ಡಿಗೊಬ್ಬರು ಸದಸ್ಯರು, ಒಬ್ಬ ಎಂಜಿನಿಯರು, ಒಂದು ರಿಜಿಸ್ಟರು. ಆಳೆತ್ತರ ಮೀರಿದ ಪ್ರತಿ ಧರೆ, ಅದರಿಂದ ಮನೆಗೆ ಎಷ್ಟು ದೂರ, ಮೇಲೆ ರಸ್ತೆಯ ಮೋರಿಯಿದೆಯೇ, ಬುಡದಲ್ಲಿ ಒರತೆಯಿದೆಯೇ. ಪಟ್ಟಿ ಮುಗಿದಾಗ ಮೊದಲು ಕೈ ಹಾಕಬೇಕಾದ ಮನೆಗಳು ತಾವಾಗಿಯೇ ಮೇಲೆ ಬರುತ್ತವೆ. ಅನುಮತಿ ಅರ್ಜಿಗೂ ಒಂದು ಹಾಳೆ ಸೇರಲಿ: ಜಾಗದ ಅಡ್ಡಕೊಯ್ತದ ನಕ್ಷೆ ಮತ್ತು ನೀರಿನ ದಾರಿ. ಧರೆ ಎತ್ತರವಾದರೆ ಒಂದೇ ಏಟಿಗೆ ನೆಟ್ಟಗೆ ಕಡಿಯದೆ ಮೆಟ್ಟಿಲು ಬಿಡಬೇಕು, ನೆತ್ತಿಯ ಮೇಲೊಂದು ಗಟಾರ ತೋಡಿ ನೀರನ್ನು ಬದಿಗೆ ತಿರುಗಿಸಬೇಕು. ಪಾಗಾರ (ತಡೆಗೋಡೆ) ಕಟ್ಟುವವರು ಅದರಲ್ಲಿ ನೀರು ಹೊರಬರುವ ತೂತು ಬಿಡಬೇಕು. ತೂತಿಲ್ಲದ ಸಿಮೆಂಟಿನ ಪಾಗಾರ ಹಿಂದೆ ನೀರು ಕಟ್ಟಿಸಿಕೊಂಡು ಧರೆಯ ಸಮೇತ ಮಗುಚುತ್ತದೆ.

ಕಾಲ ಹೆಚ್ಚು ಇಲ್ಲ ಎಂದು ಹೇಳಲು ಕಾರಣವಿದೆ. ಮಧ್ಯಭಾರತದ ಉದ್ದಗಲ ವ್ಯಾಪಿಸುವ ಅತಿವೃಷ್ಟಿಯ ಘಟನೆಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಎಂದು ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಆ ಮಳೆಗೆ ತೇವ ಒದಗಿಸುತ್ತಿರುವುದು ಅರಬ್ಬೀ ಸಮುದ್ರ. ಆ ಸಮುದ್ರದ ದಡದಲ್ಲೇ ನಾವಿದ್ದೇವೆ. ಹಿಂದೆ ನಾಲ್ಕು ದಿನದ ಜಡಿಮಳೆಯಾಗಿ ಬೀಳುತ್ತಿದ್ದದ್ದು ಒಂದೇ ರಾತ್ರಿಗೆ ಸುರಿದರೆ, ಹಳೆಯ ಲೆಕ್ಕದ ಮೋರಿಯ ಪೈಪು ಸಾಲದು. ಹತ್ತು ಮಳೆಗಾಲ ನಿಂತ ಧರೆಯೂ ನಿಲ್ಲದು.

ಗಟಾರ ಬಿಡಿಸುವುದು, ರಸ್ತೆಯ ಉಬ್ಬು ಸರಿಪಡಿಸುವುದು, ಪಟ್ಟಿ ಮಾಡುವುದು ಮೇ ಕೊನೆಯೊಳಗೆ ಮುಗಿಯಬೇಕು. ಮಳೆ ಹಿಡಿದ ಮೇಲೆ ಧರೆಗೆ ಜೆಸಿಬಿ ತಾಗಿಸಲೇಬಾರದು. ಆಮೇಲೆ ಉಳಿಯುವುದು ಗುರುತು ನೋಡಿ ಹೊರಡುವುದು: ಧರೆಯ ಮೇಲಿನ ನೆಲದಲ್ಲಿ ಉದ್ದಕ್ಕೆ ಬಿರುಕು, ವಾಲಿದ ಮರ ಅಥವಾ ಕರೆಂಟು ಕಂಬ, ತಿಳಿಯಾಗಿದ್ದ ಒರತೆಯಲ್ಲಿ ಏಕಾಏಕಿ ಕೆಂಪೋ ಬಿಳಿಯೋ ರಾಡಿ, ಮುಚ್ಚಲು ಬಾರದೆ ಬಿಗಿದ ಬಾಗಿಲು. ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಧರೆಯ ಬದಿಯ ಕೋಣೆಯಲ್ಲಿ ಯಾರೂ ಮಲಗಬಾರದು. ಎರಡು ಕಂಡರೆ ಮನೆಯಲ್ಲೇ ಇರಬಾರದು. ಮಧ್ಯರಾತ್ರಿ ಮಕ್ಕಳು, ಮುದುಕರನ್ನು ಕರೆದುಕೊಂಡು ಹೊರಟವರು ಯಾವ ಶಾಲೆಗೆ ಹೋಗಬೇಕು, ಅದರ ಬೀಗದ ಕೈ ಯಾರ ಹತ್ತಿರ ಇದೆ, ಅವರ ಫೋನ್ ನಂಬರೇನು ಎಂಬುದನ್ನು ಪ್ರತಿ ಕೇರಿಯಲ್ಲೂ ಗೋಡೆಯ ಮೇಲೆ ಬರೆಸಿಟ್ಟಿರುವುದು ಪಂಚಾಯತದ ಕೆಲಸ.