ಚೌಕಟ್ಟಿನ ಆಯ್ಕೆ

ಮನೆ ಕಟ್ಟಿಸುವವನು ಬಾಗಿಲುವಾಡವನ್ನು ತಾನೇ ಕೆತ್ತಲು ಕೂರುವುದಿಲ್ಲ. ಬಡಗಿಯಿಂದ ಸಿದ್ಧವಾದುದನ್ನು ತಂದು ನಿಲ್ಲಿಸುತ್ತಾನೆ. ಜಾಲತಾಣಗಳನ್ನು ರಚಿಸುವವರ ರೀತಿಯೂ ಇದೇ. ಬಳಕೆದಾರನ ಗುರುತನ್ನು ಪರೀಕ್ಷಿಸುವುದು, ದತ್ತಾಂಶವನ್ನು ಬರೆದಿಡುವುದು, ಪುಟವನ್ನು ಜೋಡಿಸಿ ಕಳುಹಿಸುವುದು—ಇವು ಗ್ರಂಥಾಲಯದ ತಾಣಕ್ಕೂ ಅಂಗಡಿಯ ತಾಣಕ್ಕೂ ಸಮಾನವಾದ ಕೆಲಸಗಳು. ಇವನ್ನು ಮೊದಲೇ ಮಾಡಿಟ್ಟಿರುವ ಸಿದ್ಧ ರಚನೆಗೆ ಫ್ರೇಮ್‌ವರ್ಕ್ ಎಂದು ಹೆಸರು; ನಾವು ಚೌಕಟ್ಟು ಎನ್ನೋಣ. ಇವುಗಳಲ್ಲಿ ಅನೇಕವು ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಹಣ ತೆರದೆ ಪಡೆದು, ಒಳಗಿನ ಬರಹವನ್ನು ಓದಿ, ತಿದ್ದಿಕೊಳ್ಳಬಹುದು. ಬೆಲೆಯ ಪ್ರಶ್ನೆಯಿಲ್ಲದಿರುವುದರಿಂದಲೇ ಯಾವುದನ್ನು ಆರಿಸಬೇಕೆಂಬ ತೊಡಕು ಹೆಚ್ಚು.

ಮೊದಲು ಚೌಕಟ್ಟಿನ ಜಾತಕವನ್ನು ನೋಡಬೇಕೆಂದು ನಮ್ಮ ಅಭಿಪ್ರಾಯ. (ಭೌತವಿಜ್ಞಾನ ಕಲಿಸುವವರು ಜ್ಯೋತಿಷಕ್ಕಿಳಿದರೆಂದು ವಾಚಕರು ಭಾವಿಸಬಾರದು!) ಜಾಂಗೊ ಎಂಬುದು ಅಮೆರಿಕದ ಕ್ಯಾನ್ಸಸ್ ಪ್ರಾಂತದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರಲ್ಲಿ 2003ರಲ್ಲಿ ರೂಪುಗೊಂಡಿತು. ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು ಅದರ ಕರ್ತೃಗಳು. 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಪತ್ರಿಕೆಯಲ್ಲಿ ಗಡುವು ಗಂಟೆಗಳ ಲೆಕ್ಕದ್ದು. ಪ್ರೋಗ್ರಾಮು ಬರೆಯಲಾರದ ಸಂಪಾದಕನೂ ಸುದ್ದಿಯನ್ನು ತುಂಬಬೇಕು. ಆದುದರಿಂದ ದತ್ತಾಂಶದ ರೂಪವನ್ನು ಒಮ್ಮೆ ವರ್ಣಿಸಿ ನೋಂದಾಯಿಸಿದೊಡನೆ, ಅದನ್ನು ತುಂಬುವ ಮತ್ತು ತಿದ್ದುವ ಪುಟಗಳನ್ನು ಜಾಂಗೊ ತಾನೇ ಒದಗಿಸುತ್ತದೆ. ಪ್ರಯೋಗಶಾಲೆಯ ದಾಸ್ತಾನು ಪುಸ್ತಕವನ್ನು ಜಾಲಕ್ಕೇರಿಸಬೇಕೆನ್ನುವವರಿಗೆ ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ. 2010ರಲ್ಲಿ ಬಂದ ಫ್ಲಾಸ್ಕ್‌ನಲ್ಲಾದರೋ ದತ್ತಾಂಶಕೋಶದ ಏರ್ಪಾಡೇ ಇಲ್ಲ. ಬೇಕಾದುದನ್ನು ನಾವೇ ಸೇರಿಸಿಕೊಳ್ಳಬೇಕು. ಉಷ್ಣತಾಮಾಪಕದ ಅಂಕವೊಂದನ್ನು ತೋರಿಸುವ ಪುಟಕ್ಕೆ ಅಷ್ಟೇ ಸಾಕು.

ಶೀಘ್ರತೆಗೆ ತೆರಬೇಕಾದ ಬೆಲೆಯೊಂದುಂಟು. ಡೇವಿಡ್ ಹೈನೆಮೈಯರ್ ಹ್ಯಾನ್ಸನ್ 2004ರಲ್ಲಿ ಪ್ರಕಟಿಸಿದ ರೇಲ್ಸ್ ಎಂಬ ಚೌಕಟ್ಟಿನಲ್ಲಿ, ಅರ್ಜಿಯ ನಮೂನೆಯಲ್ಲಿ ಬಂದ ಅಂಶಗಳನ್ನೆಲ್ಲ ಒಂದೇ ಸಾಲಿನಿಂದ ದಾಖಲೆಗೆ ಏರಿಸಬಹುದಾಗಿತ್ತು. ಬಹಳ ಅನುಕೂಲ! ಆದರೆ ವಿದ್ಯಾರ್ಥಿಯೊಬ್ಬನು ಪರೀಕ್ಷೆಯ ಅರ್ಜಿಯ ಕೆಳಗೆ ತಾನೇ ಒಂದು ಅಂಕಣವನ್ನೆಳೆದು 'ಅಂಕಗಳು 100' ಎಂದು ಬರೆದರೆ, ಗುಮಾಸ್ತನು ಕಣ್ಣೆತ್ತದೆ ಅದನ್ನೂ ಪುಸ್ತಕಕ್ಕೇರಿಸಿದರೆ ಹೇಗೆ? 2012ರ ಮಾರ್ಚಿಯಲ್ಲಿ ಇಂಥದೇ ನಡೆಯಿತು. ರೇಲ್ಸ್‌ನಿಂದಲೇ ಕಟ್ಟಿದ್ದ ಗಿಟ್‌ಹಬ್ ತಾಣಕ್ಕೆ ಒಬ್ಬನು ಕೇಳದ ಅಂಶವೊಂದನ್ನು ಸೇರಿಸಿ ಕಳುಹಿಸಿ, ರೇಲ್ಸ್‌ನ ಸ್ವಂತ ಭಂಡಾರದೊಳಕ್ಕೆ ಬರೆಯುವ ಅಧಿಕಾರವನ್ನು ಪಡೆದು ತೋರಿಸಿದನು. ಮರುವರ್ಷದ 4ನೆಯ ಆವೃತ್ತಿಯಿಂದ, ಸ್ವೀಕರಿಸತಕ್ಕ ಅಂಶಗಳನ್ನು ಹೆಸರಿಸಿಯೇ ತೀರಬೇಕೆಂಬ ನಿಯಮ ಬಂದಿತು. ಆರಿಸುವವರು ಕೇಳಬೇಕಾದುದು ಇದನ್ನೇ: ನಾವು ಏನನ್ನೂ ಹೇಳದಿದ್ದಾಗ ಈ ಚೌಕಟ್ಟು ಬಾಗಿಲನ್ನು ತೆರೆದಿಡುತ್ತದೆಯೋ, ಮುಚ್ಚಿಡುತ್ತದೆಯೋ?

ಇನ್ನು ಆಯುಷ್ಯದ ವಿಚಾರ. ಜಾಂಗೊ 2017ರ ಡಿಸೆಂಬರಿನ 2.0 ಆವೃತ್ತಿಯಲ್ಲಿ ಹಳೆಯ ಪೈಥಾನ್ 2 ಭಾಷೆಯನ್ನು ಕೈಬಿಟ್ಟಿತು. ಅದರಲ್ಲಿ ಬರೆದಿದ್ದವರು ಹೊಸ ಆವೃತ್ತಿಗೆ ಬರಬೇಕಾದರೆ ತಮ್ಮ ಬರಹವನ್ನು ತಿದ್ದಲೇಬೇಕಾಯಿತು. ಇಂಥ ತೊಂದರೆಯನ್ನು ಮುಂದಾಗಿ ತಿಳಿಯಲೆಂದು ಕೆಲವು ಆವೃತ್ತಿಗಳಿಗೆ ದೀರ್ಘಾವಧಿಯ ರಕ್ಷಣೆಯನ್ನು ಘೋಷಿಸುತ್ತಾರೆ. 2025ರ ಏಪ್ರಿಲಿನಲ್ಲಿ ಹೊರಬಂದ 5.2ಕ್ಕೆ 2028ರ ಏಪ್ರಿಲಿನವರೆಗೆ ಭದ್ರತೆಯ ತಿದ್ದುಪಡಿಗಳು ದೊರೆಯುವುವೆಂದು ಪ್ರಕಟಿಸಲಾಗಿದೆ. ಮೂರು ವರ್ಷದ ಕೋರ್ಸಿಗೆ ಸೇರಿದ ಹುಡುಗನು ಕಟ್ಟಿದ ದಾಸ್ತಾನು ತಾಣವನ್ನು, ಅವನು ಪದವಿ ಪಡೆದು ಹೋದ ಮೇಲೆ ನೋಡಿಕೊಳ್ಳುವವರು ಯಾರೆಂಬುದನ್ನು ಆ ದಿನಾಂಕದ ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು.