ಸರೋವರಕ್ಕೆ ಬಂದ ಹೊಸ ಮೀನು

ಕೆರೆಯಲ್ಲಿ ಮೀನು ಹೆಚ್ಚಿದರೆ ಜನರಿಗೆ ಲಾಭವೇ ಅಲ್ಲವೆ ಎಂದು ಕೇಳುಗರಲ್ಲಿ ಅನೇಕರು ಎಣಿಸಬಹುದು. ಯಾವ ಮೀನು ಹೆಚ್ಚಿತು, ಏನನ್ನು ತಿಂದು ಹೆಚ್ಚಿತು ಎಂಬುದನ್ನು ವಿಚಾರಿಸದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ಇದಕ್ಕೆ ನಿದರ್ಶನವಾಗಿ ಆಫ್ರಿಕಾ ಖಂಡದ ವಿಕ್ಟೋರಿಯಾ ಸರೋವರದ ವೃತ್ತಾಂತವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇವೆ.

ಯುಗಾಂಡ, ಕೀನ್ಯ, ಟಾಂಜಾನಿಯ ದೇಶಗಳ ನಡುವೆ ಹಬ್ಬಿರುವ ಈ ಸರೋವರವು ವಿಸ್ತಾರದಲ್ಲಿ ಕರ್ನಾಟಕದ ಸುಮಾರು ಮೂರರಲ್ಲೊಂದು ಪಾಲಿನಷ್ಟಿದೆ. ಸಿಕ್ಲಿಡ್ ವಂಶಕ್ಕೆ ಸೇರಿದ ಸಣ್ಣ ಮೀನುಗಳು ಇದರಲ್ಲಿ ಸುಮಾರು ೫೦೦ ಜಾತಿಗಳಷ್ಟು ಇದ್ದುವು. ಒಂದು ಜಾತಿ ಕಲ್ಲಿನ ಮೇಲಣ ಪಾಚಿಯನ್ನು ಕೆರೆದು ತಿನ್ನುವುದು, ಮತ್ತೊಂದು ಶಂಖದಹುಳುವನ್ನು ಒಡೆದು ತಿನ್ನುವುದು, ಇನ್ನೊಂದು ಕೀಟಗಳ ಮರಿಗಳನ್ನು ಹಿಡಿಯುವುದು; ಹೀಗೆ ಒಂದೊಂದಕ್ಕೆ ಒಂದೊಂದು ವೃತ್ತಿ.

೧೯೫೦ರ ದಶಕದಲ್ಲಿಯೂ ೧೯೬೦ರ ದಶಕದ ಆರಂಭದಲ್ಲಿಯೂ ನೈಲ್ ಪರ್ಚ್ ಎಂಬ ಬೇಟೆಗಾರ ಮೀನನ್ನು ಈ ನೀರಿಗೆ ಬಿಟ್ಟರು. ಬೆಲೆಯಿಲ್ಲದ ಸಣ್ಣ ಮೀನುಗಳು ಬೆಲೆಯುಳ್ಳ ದೊಡ್ಡ ಮೀನಿನ ಮಾಂಸವಾಗಿ ಮಾರ್ಪಡಲಿ ಎಂಬುದೇ ಇದರ ಉದ್ದೇಶ. ಆಳುದ್ದಕ್ಕೆ ಬೆಳೆಯಬಲ್ಲ ಈ ಮೀನು ೧೯೮೦ರ ದಶಕದಲ್ಲಿ ಅಪಾರವಾಗಿ ಹೆಚ್ಚಿತು. ಸುಮಾರು ೨೦೦ ಸ್ಥಳೀಯ ಜಾತಿಗಳು ಕಣ್ಮರೆಯಾದುವೆಂದು ತಜ್ಞರ ಅಂದಾಜು.

ಆದರೆ ದೋಷವನ್ನೆಲ್ಲ ಈ ಒಂದು ಮೀನಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹೊಲಗಳಿಂದಲೂ ಪಟ್ಟಣಗಳಿಂದಲೂ ಹರಿದು ಬಂದ ಸಾರದಿಂದ ಪಾಚಿ ಬೆಳೆದು ನೀರು ಮಬ್ಬಾಯಿತು. ಆಳದ ನೀರಿನಲ್ಲಿ ಆಮ್ಲಜನಕ ಕುಗ್ಗಿತು. ಅನೇಕ ಸಿಕ್ಲಿಡ್ ಜಾತಿಗಳಲ್ಲಿ ಹೆಣ್ಣು ಗಂಡಿನ ಮೈಬಣ್ಣವನ್ನು ಕಂಡು ತನ್ನ ಜಾತಿಯನ್ನು ಗುರುತಿಸುತ್ತದೆ. ಮಬ್ಬು ನೀರಿನಲ್ಲಿ ಆ ಗುರುತು ಸಿಕ್ಕದೆ ಕೆಲವು ಜಾತಿಗಳು ಒಂದರೊಡನೊಂದು ಬೆರೆತುಹೋದುವು.

ದಡದ ಜನಜೀವನವೂ ಬದಲಾಯಿತು. ಸಣ್ಣ ಮೀನನ್ನು ಬಿಸಿಲಿನಲ್ಲಿ ಒಣಗಿಸಿದರೆ ಸಾಕಾಗಿದ್ದಿತು. ಕೊಬ್ಬು ತುಂಬಿದ ಪರ್ಚನ್ನಾದರೋ ಹೊಗೆಯಲ್ಲಿಟ್ಟು ಕಾಪಾಡಬೇಕು. ಹೊಗೆಗೆ ಸೌದೆ ಬೇಕು. ಸೌದೆಗಾಗಿ ಮರಗಳು ಉರುಳಿದುವು. ಅದರ ರಫ್ತಿನಿಂದ ಲಕ್ಷಾಂತರ ಜನರಿಗೆ ಜೀವನೋಪಾಯ ದೊರೆಯಿತೆಂಬುದೂ ಅಷ್ಟೇ ಸತ್ಯ. ಆದಕಾರಣ ಇಂದು ಅದನ್ನು ಬೇಡವೆನ್ನುವುದೂ ಸುಲಭವಲ್ಲ.

ಇದು ದೂರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ೧೯೫೨ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯ ಮೀನು ಇಂದು ಜಿಲೇಬಿ ಮೀನೆಂಬ ಹೆಸರಿನಿಂದ ನಮ್ಮ ಕೆರೆಗಳಲ್ಲಿ ನೆಲಸಿದೆ. ತಾಯಿ ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟು ಕಾಯುವುದರಿಂದ ಅದರ ಸಂತತಿ ಬೇಗನೆ ಬೆಳೆಯುತ್ತದೆ. ಸ್ಥಳೀಯ ಮೀನುಗಳಿಗೆ ಆಹಾರವೂ ಎಡೆಯೂ ಕಡಿಮೆಯಾಗುತ್ತವೆ. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನು ಬೇಡವಾದಾಗ ಅದನ್ನು ಕೆರೆಗೆ ಬಿಡುವುದು ದಯೆಯೆಂದೇ ನಮಗೆ ತೋರುತ್ತದೆ. ಆ ದಯೆಯ ವೆಚ್ಚವನ್ನು ಕೆರೆಯ ಮೀನುಗಳೂ ಅವನ್ನು ನಂಬಿ ಬಾಳುವ ಬೆಸ್ತರೂ ತೆರಬೇಕಾದೀತೆಂಬುದನ್ನು ನಾವು ಮರೆಯದಿರೋಣ.