ಮುಂದಕ್ಕೆ ಕಳುಹಿಸುವ ಮುನ್ನ



ಅಚ್ಚಾದ ಪ್ರತಿ ಪತ್ರಿಕೆಯ ಮೇಲೂ ಮುದ್ರಕನ ಹೆಸರಿರಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1867ರಲ್ಲೇ ಬಂತು. ತಪ್ಪು ಅಚ್ಚಾದರೆ ಯಾರನ್ನು ಕೇಳಬೇಕೆಂದು ತಿಳಿಯುತ್ತಿತ್ತು. ಇಂದು ವಾಟ್ಸಾಪ್‌ನಲ್ಲಿ ನಾವೆಲ್ಲರೂ ಪ್ರಕಾಶಕರೇ. ಆದರೆ ಕೈಯಿಂದ ಕೈಗೆ ದಾಟುವ ಸಂದೇಶದಲ್ಲಿ ಮೊದಲು ಬರೆದವರ ಹೆಸರೇ ಇರುವುದಿಲ್ಲ.

ಇದರ ಪರಿಣಾಮವೇನು? 2018ರ ಜುಲೈನಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರು ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ಸುದ್ದಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತು. ಗುಂಪಿನ ಹೊಡೆತಕ್ಕೆ ಒಬ್ಬ ಯುವಕ ಪ್ರಾಣ ಬಿಟ್ಟ. ಅದೇ ತಿಂಗಳು ವಾಟ್ಸಾಪ್ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳುಹಿಸುವ ಮಿತಿಯನ್ನು ಪ್ರಕಟಿಸಿತು. ಆ ಮಿತಿ ವೇಗವನ್ನು ತಗ್ಗಿಸೀತು. ಸುದ್ದಿ ನಿಜವೋ ಸುಳ್ಳೋ ಎಂದು ಹೇಳದು.

ಅಂತರ್ಜಾಲದಲ್ಲೇ ಬೇರೊಂದು ದಾರಿಯೂ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೆ ಯಾವ ಖಾತೆಯಿಂದ, ಯಾವಾಗ, ಏನನ್ನು ತಿದ್ದಲಾಯಿತು ಎಂಬ ದಾಖಲೆ ಅಲ್ಲಿ ಉಳಿಯುತ್ತದೆ. ಬರೆದದ್ದಕ್ಕೆ ಆಧಾರ ಕೇಳಲಾಗುತ್ತದೆ.

ವಿದ್ಯಾನಗರದ ಮನೆಯಲ್ಲಿರಲಿ, ಹರಿಹರದ ಆರೋಗ್ಯಮಾತೆಯ ಹಬ್ಬದ ಜನಸಂದಣಿಯಲ್ಲಿರಲಿ, ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳೋಣ: ಬರೆದವರು ಯಾರು? ನಡೆದದ್ದು ಎಲ್ಲಿ, ಯಾವಾಗ? ಇದರಿಂದ ಯಾರಿಗಾದರೂ ಕೇಡಾದೀತೇ? ಉತ್ತರ ಸಿಗದ ಸಂದೇಶ ನಮ್ಮಲ್ಲೇ ನಿಲ್ಲಲಿ.